ಹಾಕದೆ ಇಟ್ಟದ್ದು

ಡ್ರಾಫ್ಟಿನಲ್ಲಿ ನಲವತ್ತೊಂದು ಉಂಟು.
ಅದರಲ್ಲಿ ನನ್ನ ಮುಖ ಸರಿಯಾಗಿ ಕಾಣುವುದು ಒಂಬತ್ತು,
ಉಳಿದದ್ದೆಲ್ಲ ಬೆಂಗ್ರೆಯ ಬೋಟು, ಅದರ ಗಡಗಡ,
ಟಿಕೇಟು ಹರಿಯುವ ಮೋನಾಕನ ಮೊಣಕೈ,
ಗಾಳಿಗೆ ಬಾಯೊಳಗೆ ಬಂದ ನನ್ನದೇ ಕೂದಲು,
ಹಿಂದೆ, ಅಳಿವೆಯ ಕಡೆ, ಬಿಸಿಲಿಗೆ ಬಿಳಿಚಿಕೊಂಡ ನೀರು.

ನಮ್ಮ ದಡದಿಂದ ದಕ್ಕೆಗೆ ಏಳು ನಿಮಿಷ.
ಒಂದು ತೆಗೆದು, ಕತ್ತರಿಸಿ, ಹಾಡು ಕೂರಿಸಿ,
ಆ ಹಾಡು ಬೇಡವೆಂದು ಬೇರೆ ಕೂರಿಸಿ,
ಕೆಳಗೆ ಬರೆಯಲಿಕ್ಕೆ ಒಂದು ಸಾಲು ಹುಡುಕುವಷ್ಟರಲ್ಲಿ
ಹಗ್ಗ ಬಿಸಾಡಿ ಆಗಿರುತ್ತದೆ, ಎಲ್ಲರೂ ಎದ್ದು ಆಗಿರುತ್ತದೆ.
ಉಳಿಸು ಅಂತ ಒತ್ತಿ ಮೆಟ್ಟಿಲಿಗೆ ಹಾರುತ್ತೇನೆ.
ಆಮೇಲೆ ಹಂಪನಕಟ್ಟೆ, ಕನ್ನಡಕದ ಅಂಗಡಿ,
ಸಂಜೆವರೆಗೆ ಬೇರೆಯವರಿಗೆ ಅಕ್ಷರ ಓದಿಸುವ ಕೆಲಸ:
ಈ ಸಾಲು ಕಾಣ್ತದಾ? ಈಗ? ಈಗ?

ಹದಿನೇಳನೆಯದು ಬೇಬಿ ದೊಡ್ಡಮ್ಮನದು.
ಐವತ್ತೆರಡು ಸೆಕೆಂಡು.
ಮಡಿಲಲ್ಲಿ ಬುಟ್ಟಿ, ಕೈಯಲ್ಲಿ ಒಂದು ಬಂಗುಡೆ,
ಹೆಬ್ಬೆರಳಿನಿಂದ ಅದರ ಕಿವಿರು ಎತ್ತಿ ತೋರಿಸುತ್ತಾರೆ:
"ಕೆಂಪಿದ್ರೆ ತಗೊ. ಕಂದಿದ್ರೆ ಅವನಿಗೇ ವಾಪಸ್ ಕೊಡು,
ಮುಖ ನೋಡಿ ಮರ್ಯಾದೆ ಮಾಡ್ಲಿಕ್ಕೆ ಹೋಗ್ಬೇಡ."
ಆಮೇಲೆ ನಗು. ಮೇಲಿನ ಸಾಲಿನಲ್ಲಿ ಮೂರು ಹಲ್ಲಿಲ್ಲ.
ಕೊನೆಗೆ ಒಂದು ಸಲ ನೇರ ನೋಡುತ್ತಾರೆ,
ಚೌಕಾಸಿ ಮಾಡದೆ ಕೊಂಡು ಹೋದ ಗಿರಾಕಿಯನ್ನು ನೋಡಿದ ಹಾಗೆ.

ಯಾಕೆ ಹಾಕಲಿಲ್ಲ ಅಂದರೆ
ಮೂರನೇ ಮನೆಯ ಲಿಖಿತ್ ಕೆಳಗೆ ಏನು ಬರೆಯುತ್ತಾನೆಂದು ಗೊತ್ತು.
ರವಕೆಗೆ ಗುಂಡಿಯ ಬದಲು ಪಿನ್ನು ಕಾಣುತ್ತಿತ್ತು.
ಸುಳ್ಳು. ಅಂಗಡಿಯ ಧಣಿಯೂ ನನ್ನನ್ನು ಫಾಲೋ ಮಾಡುತ್ತಾರೆ,
ನನ್ನ ಕೈಗೆ ಇನ್ನೂ ಆ ಬುಟ್ಟಿಯ ವಾಸನೆ ಉಂಟೆಂದು
ಅವರಿಗೆ ಗೊತ್ತಾಗುವುದು ಬೇಡವಿತ್ತು.

"ಎಷ್ಟು ಜನ ನೋಡಿದ್ರು ಮಗಾ?"
ಇನ್ನೂರ ನಲವತ್ತು, ಅಂದೆ.
ಮರುದಿನ ಆರುನೂರು.
ಆಚೆ ಸೋಮವಾರ ದುಬೈಯಿಂದ ಯಾರೋ
ಒಂದು ಕೆಂಪು ಹೃದಯ ಕಳಿಸಿದ್ದಾರೆ, ಅಂದೆ.
ದೊಡ್ಡಮ್ಮ ಬುಟ್ಟಿ ಸರಿ ಮಾಡಿಕೊಂಡರು,
"ಹೆಂಗಸಾ ಗಂಡಸಾ?" ಅಂತ ಕೇಳಿದರು.
ಬುಧವಾರ ಹಸಿರು ಸೀರೆ ಉಟ್ಟುಕೊಂಡು ಬಂದರು,
ಮದುವೆಗೆ ಮಾತ್ರ ತೆಗೆಯುವಂಥದ್ದು.
ಮೀನಿನ ನೀರು ಸೋರಿ ಸೆರಗು ಕಪ್ಪಾಯಿತು.

ಮೊನ್ನೆ ನಡುನೀರಿನಲ್ಲಿ, ನನ್ನ ಕಡೆ ತಿರುಗದೆ:
"ನೀನು ಹಾಕ್ಲೇ ಇಲ್ಲ ಅಲ್ವಾ?"
ಇಂಜಿನು ಗಡಗಡ.
"ಹಾಕಿದ್ರೆ ದಕ್ಕೆಯಲ್ಲಿ ಒಬ್ಬಳಿಗಾದ್ರೂ
ಹೊಟ್ಟೆಕಿಚ್ಚು ಆಗ್ಬೇಕಿತ್ತು. ಯಾರಿಗೂ ಆಗ್ಲಿಲ್ಲ."
ನನ್ನ ಕಿವಿ ಬಿಸಿಯಾಯಿತು. ಅವರಿಗೆ ಸಿಟ್ಟಿರಲಿಲ್ಲ.
"ಬುಟ್ಟಿಯ ಅಡಿಯಲ್ಲಿ ಎಲೆ ಮುಚ್ಚಿ
ಎರಡು ಕಾಣೆ ತೆಗೆದಿಡ್ತೇನಲ್ಲ ಮನೆಗೇಂತ,
ಗಿರಾಕಿ ಕೇಳಿದ್ರೆ ಇಲ್ಲ ಅಂತೇನೆ. ಹಾಗೆಯಾ ಇದು?"

ಹಾಗೇ, ಹಾಗೇ, ಅಂದೆ, ಬದುಕಿಕೊಂಡ ಖುಷಿಯಲ್ಲಿ.

"ಆದ್ರೆ ನಾನು ಅದನ್ನು ಆವತ್ತು ರಾತ್ರಿಯೇ ಕಾಯಿಸ್ತೇನೆ ಮಾರಾಯ್ತಿ.
ನಾಳೆಗೆ ಇಟ್ರೆ ನಾರ್ತದೆ."

ನಿನ್ನೆ ಫೋನು ಹೇಳಿತು, ಜಾಗ ತುಂಬಿದೆ.
ಆ್ಯಪ್ ತೆಗೆದು ಪುನಃ ಹಾಕಿದರೆ ಸರಿಯಾದೀತು,
ಆದರೆ ಡ್ರಾಫ್ಟು ಒಂದೂ ಉಳಿಯುವುದಿಲ್ಲ, ಅಂದ ಲಿಖಿತ್,
ಅವನೇ, ತುಂಬಾ ಒಳ್ಳೆಯ ಹುಡುಗನ ಹಾಗೆ.
ರಾತ್ರಿ ಕೂತು ನನ್ನ ಮುಖದ ಒಂಬತ್ತನ್ನೂ ಅಳಿಸಿದೆ.
ಬೇಸರವಾಗುತ್ತದೆ ಅಂದುಕೊಂಡಿದ್ದೆ.

ಇವತ್ತು ಹದಿನೇಳನೆಯದನ್ನು ತೆರೆದು ಕೂತಿದ್ದೇನೆ.
ಹಾಡು ತೆಗೆದುಹಾಕಿದೆ, ಇಂಜಿನಿನ ಸದ್ದೇ ಸಾಕು.
ಕೆಳಗಿನ ಸಾಲಿಗೆ "ನನ್ನ" ಅಂತ ಬರೆದೆ,
"ದೊಡ್ಡಮ್ಮ" ಅಂತ ಬರೆಯಲಿಲ್ಲ ಇನ್ನೂ.
ಹಗ್ಗ ಬಿತ್ತು. ಬುಟ್ಟಿಗಳು ಎದ್ದವು, ಚಪ್ಪಲಿಗಳು ಎದ್ದವು,
ಬೋಟು ಹಗುರಾಗಿ ಒಮ್ಮೆ ಮೇಲೆ ಬಂತು.
ಮೋನಾಕ ತಿರುಗಿ ನೋಡುತ್ತಾನೆ:
"ಎಂತ, ಇಳಿಯುದಿಲ್ವಾ? ವಾಪಸ್ ಹೋಗ್ಲಿಕ್ಕುಂಟಾ?"