ಬಯಲಿಗೆ ಟಿಕೆಟು

ಗೇಟಿನಲ್ಲಿ ಗೀಟು ಹಾಕಿದ ಉದ್ದನೆಯ ಪುಸ್ತಕ.
ಹೆಸರು, ಊರು, ಎಷ್ಟು ಜನ, ಮೊದಲ ಸಲವೇ?
ನಸೀಹ ಪೆನ್ನು ಕಿತ್ತುಕೊಂಡು
ಇಬ್ಬರಿಗೂ ಸೇರಿಸಿ ‘ಹೌದು’ ಎಂದು ಬರೆದಳು.
ನಾನು ತಿದ್ದಲಿಲ್ಲ.
ದೊಡ್ಡವರಿಗೆ ಐವತ್ತು, ಮಕ್ಕಳಿಗೆ ಇಪ್ಪತ್ತು,
ದುರ್ಬೀನಿಗೆ ಬೇರೆ ಮೂವತ್ತು.

ಬಾಳೆಲೆ ದಾಟಿ ಎರಡು ತಿರುವು ಇಳಿದರೆ ಈ ಬಯಲು.
ಪುತ್ತರಿಗೆ ಇನ್ನು ಒಂಬತ್ತು ದಿನ.
ಮೇಲಿನ ತೋಟದಲ್ಲಿ ಕಾಫಿ ಕೆಂಪಾಗುತ್ತಿದೆ,
ಇಲ್ಲಿ ಮಾತ್ರ ಕದಿರಿಲ್ಲ, ಕುಡುಗೋಲಿಲ್ಲ,
ಆಳೆತ್ತರ ಆಪು, ನಡುನಡುವೆ ನೀರು,
ನೀರಿನ ಮೇಲೆ ಎದ್ದು ಹೋಗಲು ಮನಸ್ಸಿಲ್ಲದ ಮಂಜು.

ಚೋಮಿ ಮುಂದೆ, ಖಾಕಿ ಅಂಗಿ, ಮೊಣಕಾಲ ತನಕ ಗಂಬೂಟು.
“ಮೆಲ್ಲ ಬನ್ನಿ,” ಎಂದಳು,
“ನಿಮ್ಮ ಬೂಟಿಗೆ ಕಿವಿ ಇಲ್ಲ, ಹಕ್ಕಿಗೆ ಉಂಟು.”
ಕೋಲು ಎತ್ತಿದ ಕಡೆ ಒಂದು ದೇವನಕ್ಕಿ
ಎಲೆಯಿಂದ ಎಲೆಗೆ, ಸಾಲ ಕೊಟ್ಟವನ ಮನೆ ಮುಂದೆ
ನಡೆವವನಂತೆ, ಭಾರವನ್ನೆಲ್ಲ ಒಳಗೆ ಹಿಡಿದು.
ಜಂಬುಕೋಳಿ ಕೆಂಪು ಕಾಲಲ್ಲಿ ಗೆಡ್ಡೆ ಹಿಡಿದು ತಿಂದಿತು.
ನಸೀಹ ಬರೆದುಕೊಂಡಳು: ನಾಲ್ಕು. ಅಲ್ಲ, ಐದು.
ಉಲ್ಲಂಕಿ ನಮ್ಮ ಕಾಲಬುಡದಿಂದಲೇ ಚಿಮ್ಮಿ
ಅಂಕುಡೊಂಕಾಗಿ ಹಾರಿದಾಗ
ಬೆಚ್ಚಿದ್ದು ನಾನೊಬ್ಬನೇ.

ಆರು ವರ್ಷದ ಕೆಳಗೆ ಇದೇ ಏರಿಯ ಮೇಲೆ
ನನ್ನ ಜೆಸಿಬಿ ನಿಂತಿತ್ತು.
ಹದಿನಾರು ಕಾಟೇಜು ಬರುತ್ತದೆ ಎಂದಿದ್ದರು.
ಗುಡ್ಡ ಕಡಿದು ತಂದ ಕೆಮ್ಮಣ್ಣು ನಾನೂರ ಹನ್ನೆರಡು ಲೋಡು,
ಲೆಕ್ಕ ನನ್ನದೇ, ಬೀಡಿಕಟ್ಟಿನ ಕಾಗದದ ಹಿಂದೆ.
ಗಂಟೆಗೆ ಒಂಬೈನೂರು.
ರಾತ್ರಿ ಹೆಡ್‌ಲೈಟಿಗೆ ಕಪ್ಪೆಗಳು ಕಣ್ಣು ಬಿಟ್ಟು ಕೂತವು,
ಹಾರಲಿಲ್ಲ.
ನಾನೂ ನಿಲ್ಲಿಸಲಿಲ್ಲ.

ಮರುವರ್ಷದ ಆಟಿಯಲ್ಲಿ
ಹೋಗಲು ದಾರಿಯಿಲ್ಲದ ನೀರು
ಕೆಳಗಿನ ಲೈನುಮನೆಗಳ ಒಲೆಯೊಳಗೆ ಹೋಗಿ ಕೂತಿತು.
ಆಮೇಲೆ ಕೋರ್ಟು, ಸರ್ವೆ, ಹಳದಿ ನಕ್ಷೆ,
ಯಾರು ಯಾರೋ ಬಂದು ಹೋದರು,
ಕೊನೆಗೆ ಒಂದು ಫೋನು:
“ಉಮ್ಮರ್, ಆ ಮಣ್ಣು ತೆಗೀಬೇಕಂತೆ.
ಎಲ್ಲಿ ಎಷ್ಟು ಹಾಕಿದ್ದು ನಿನಗೇ ಗೊತ್ತಲ್ಲ.”
ಡೀಸೆಲ್ ಏರಿತ್ತು, ಇನ್ನೂರು ಹೆಚ್ಚು ಕೇಳಿದೆ.
ಕೊಟ್ಟರು.

ಕೆಂಪು ಮುಗಿದು ಕಪ್ಪು ಬಂದಾಗ ಬಂದ ವಾಸನೆ
ಯಾರಿಗೂ ಹೇಳಿಲ್ಲ.
ಹಳೇ ಪೈರಿನ ಕೂಳೆ ಸಾಲು ತಪ್ಪದೆ ನಿಂತಿತ್ತು,
ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಬಂತು ಒಂದು ಮೀನಿನ ಕೂಳಿ,
ಅಕ್ಕಿರೊಟ್ಟಿಯಷ್ಟು ಚಪ್ಪಟೆ.
ಅದೀಗ ಟಿಕೆಟು ಕೊಡುವ ಗುಡಿಸಿಲಿನ ಗೋಡೆಗೆ ತೂಗಿದೆ.
“ನಮ್ಮ ಅಜ್ಜಂದಿರಬಹುದು,” ಎಂದಳು ಚೋಮಿ,
“ಇಲ್ಲದೆಯೂ ಇರಬಹುದು.
ಎಲ್ಲರೂ ಹೀಗೇ ಹೆಣೆಯುತ್ತಿದ್ದರು.”

ಬಯಲ ನಡುವೆ ಒಂದು ದಿಬ್ಬ, ಅದರ ಮೇಲೆ ಅಟ್ಟಣೆ.
ನಸೀಹ ಎರಡೆರಡು ಮೆಟ್ಟಿಲು ಹತ್ತಿ ಕೂಗಿದಳು:
“ಉಪ್ಪ, ಇಲ್ಲಿಂದ ಇಡೀ ಕೊಡಗೇ ಕಾಣುತ್ತದೆ!”
ಮುನ್ನೂರ ಎಂಬತ್ತು ಲೋಡು ತೆಗೆದ ಮೇಲೆ
ಹಣ ಮುಗಿದಿತ್ತು, ಮಳೆ ಹಿಡಿದಿತ್ತು.
ಉಳಿದ ಮೂವತ್ತೆರಡರ ಮೇಲೆ ನಿಂತು
ಮಗಳು ಕೈ ಬೀಸುತ್ತಿದ್ದಾಳೆ.

“ಈ ದಿಬ್ಬ ಮೊದಲಿಂದಲೇ ಇದ್ದದ್ದು,” ಎಂದಳು ಚೋಮಿ
ಹಿಂದೆ ಬರುತ್ತಿದ್ದ ಮೈಸೂರಿನ ದಂಪತಿಗೆ.
ಆಮೇಲೆ ನನ್ನತ್ತ ತಿರುಗದೆ,
“ಅಲ್ವಾ ಉಮ್ಮರಣ್ಣ?”
ಗೇಟಿನ ಪುಸ್ತಕ ನೋಡಿದ್ದಳೋ,
ಲೈನುಮನೆಯ ಬಾಗಿಲಲ್ಲಿ ನಿಂತು ಅವತ್ತೇ ನೋಡಿದ್ದಳೋ.
ನೀರಿಗೆ ಯಾವುದೋ ಮೀನು ಬಿದ್ದ ಸದ್ದು.
“ಹೌದು,” ಎಂದೆ.

ದಿಬ್ಬದ ಕಡಿದ ಮಗ್ಗುಲಲ್ಲಿ
ನನ್ನ ಬಕೆಟ್ಟಿನ ಐದು ಹಲ್ಲಿನ ಗೀರು ಇನ್ನೂ ಇದೆ.
ಗೀರಿನ ಸಂದಿಯಲ್ಲಿ ಮುಷ್ಟಿ ಹೋಗುವಷ್ಟು ತೂತು, ಏಳೆಂಟು.
“ಮಿಂಚುಳ್ಳಿಯದ್ದು. ಈಗ ಖಾಲಿ,
ಮಾರ್ಚಿನಲ್ಲಿ ಬನ್ನಿ.”
ದುರ್ಬೀನು ಕಣ್ಣಿಗಿಟ್ಟೆ. ಏನೂ ಕಾಣಲಿಲ್ಲ, ಬರೀ ಕೆಂಪು.
ತಿರುಪನ್ನು ಬೆರಳ ತುದಿಯಲ್ಲಿ
ಕೂದಲೆಳೆಯಷ್ಟು ತಿರುಗಿಸು ಎಂದಳು ನಸೀಹ,
ಲಿವರು ಎಳೆದಂತೆ ಎಳೆಯಬೇಡ ಉಪ್ಪ,
ಮೆಲ್ಲಗೆ.