ತೂಕ

ನಾಲ್ಕನೇ ಮಹಡಿಯಿಂದ ನನಗೆ ಎಲ್ಲವೂ ಕಾಣುತ್ತದೆ.
ರಾಟೆಯ ಹಗ್ಗ ಎಳೆದೆಳೆದು ಒಗೆದ ಅಂಗಿ ಹರವುವಾಗ
ತೋಳೊಂದು ಸರಿದು, ಸಂದಿಯಲ್ಲಿ
ಪಾರ್ಕು.

ಪಾರ್ಕೆಂದರೆ ದೊಡ್ಡ ಮಾತಾಯಿತು.
ಸಾಬುರ್ತಾಲೊದ ಮೂರು ಕಟ್ಟಡ ಬೆನ್ನು ತಿರುಗಿಸಿ ನಿಂತಲ್ಲಿ
ಉಳಿದುಹೋದ ತುಂಡು ನೆಲ.
ಒಂದು ಜಾರುಬಂಡೆ, ಒಂದೂವರೆ ಉಯ್ಯಾಲೆ,
ಏತದ ಹಾಗೆ ಏರಿಳಿಯುವ ಹಲಗೆ,
ಯಾರೂ ನೆಡದೆ ಬಂದ ಹುಳಿಪ್ಲಮ್ ಮರ.
ಮೇ ತಿಂಗಳಲ್ಲಿ ಅದರ ಕಾಯಿ ಬಲಿತದ್ದನ್ನು ಕಂಡವರಿಲ್ಲ:
ಜೇಬಿಗೊಂದು ಉಪ್ಪಿನ ಪೊಟ್ಟಣ, ಚಳಿತುಹೋದ ಹಲ್ಲು,
ಆಮೇಲೆ ಹೊಟ್ಟೆನೋವಿನ ರಾತ್ರಿ, ಮೂರೂ ಕಟ್ಟಡದಲ್ಲಿ ದೀಪ.

ಆರಕ್ಕೆ ಲಮಾರಾ ಬರುತ್ತಾಳೆ ಅವಳಿಗಳ ಬೆನ್ನಟ್ಟಿ,
ಕೈಗೊಂದರಂತೆ ಎರಡು ಒಂಟಿ ಚಪ್ಪಲಿ ಹಿಡಿದು.
ಬೇಕರಿಯ ಜುಂಬೆರ್ ಕೈತೊಳೆಯದೆ ಬಂದು ಮಗಳನ್ನು ತೂಗುತ್ತಾನೆ;
ಅವಳ ಬೆನ್ನ ಮೇಲೆ ಹಿಟ್ಟಿನ ಎರಡು ಅಂಗೈ
ಮನೆಗೆ ಹೋಗುತ್ತವೆ.

ಮರದಡಿ ಎರಡು ಬೆಂಚು. ಒಂದು ಒತಾರನದು, ಒಂದು ವಝಾನದು.
ಹನ್ನೊಂದು ವರ್ಷದ ಹಿಂದೆ ದಾಳ ತಾನೇ ಮಗುಚಿತೋ
ಯಾರದಾದರೂ ಬೆರಳು ತಾಗಿತೋ,
ಅವರಿಗೂ ಈಗ ನೆನಪಿಲ್ಲ.
ಮುನಿಸು ಮಾತ್ರ ಮಗ್ಗಿಯ ಹಾಗೆ ಬಾಯಿಪಾಠ.

ನಿನ್ನೆ ಗುರಾಮ್, ಆರು ವರ್ಷದ ಗುಂಡುಕಲ್ಲು,
ಹಲಗೆಯ ತುದಿಗೆ ಕೂತು ಕೂಗಿದ:
"ನನ್ನೆದುರಿಗೆ ಯಾರೂ ಇಲ್ಲ!"
ಇವನೆದುರು ಕೂತ ಮಕ್ಕಳೆಲ್ಲ ಗಾಳಿಗೆ ನೇತುಬಿದ್ದವರೇ.
ಒತಾರ್ ಕೋಲು ಮರಕ್ಕೊರಗಿಸಿ, ಬಂದು, ಕೂತ.
ಗುರಾಮ್ ಮೇಲಕ್ಕೆ. ಮೊದಲು ನಗು.
ಆಮೇಲೆ ಒತಾರನ ಮಂಡಿ ಹಿಡಿದುಕೊಂಡಿತು, ಏಳಲೊಲ್ಲ,
ಹುಡುಗ ಮೇಲೆಯೇ. ಅಳು.

ವಝಾ ಎದ್ದ.
ಯಾರನ್ನೂ ನೋಡದೆ ನಡೆದು
ಹುಡುಗನ ತುದಿ ಹಿಡಿದು ಮೈಭಾರ ಹಾಕಿ ಜಗ್ಗಿದ.
ಒತಾರನ ಕಾಲು ನೆಲ ಬಿಟ್ಟಿತು.
ಗುರಾಮ್ ಜಿಗಿದವನೇ ಪ್ಲಮ್ ಮರಕ್ಕೆ ಓಟ.

ಈಗ ವಝಾ ಕೈಬಿಡುವಂತಿಲ್ಲ;
ಬಿಟ್ಟರೆ ಅವನು ಬೀಳುತ್ತಾನೆ.
ಹಿಡಿದೇ ಇರಲು ಎಪ್ಪತ್ತಾರರ ತೋಳು.
ಎಷ್ಟೋ ಹೊತ್ತು ಹಾಗೇ ನಿಂತ.
ಕೊನೆಗೆ ಒಂದು ಕಾಲೆತ್ತಿ ದಾಟಿಸಿ
ಹುಡುಗ ಕೂತ ಬಿಸಿಯ ಮೇಲೆ ತಾನೇ ಕೂತ.

"ಮೆಲ್ಲಗೆ," ಅಂದ ಒತಾರ್,
ಆಕಾಶದಿಂದ.

ನಾನು ಹಗ್ಗ ಎಳೆಯಲಿಲ್ಲ. ರಾಟೆ ಕಿರುಗುಟ್ಟುತ್ತದೆ.
ನನ್ನ ಅಂಗಿಯ ನೀರು ತನ್ನ ಹಾಸುಬಟ್ಟೆಗೆ ತೊಟ್ಟಿಕ್ಕುತ್ತಿದೆಯೆಂದು
ಮೂರನೇ ಮಹಡಿಯ ನಾನುಲಿ
ಬೈಯಲು ಕತ್ತು ಹೊರಹಾಕಿದವಳು
ಕೆಳಗೆ ನೋಡಿದಳು.