ಕೊನೆಯ ಬಸ್ಸು, ಅಮ್ಮತ್ತಿ ದಾಟಿ

ತೋಟದ ಗೇಟಿನ ಬಳಿ ಚೋಮಿ ಇಳಿದಳು,
ಕಂಕುಳಲ್ಲಿ ನಿದ್ದೆಗಣ್ಣಿನ ಮಗು, ತಲೆ ಮೇಲೆ ಸೊಸೈಟಿ ಅಕ್ಕಿ.
ಬಸ್ಸು ಹೊರಡಲಿಲ್ಲ.

ನಾನು ಹೊಸಬ. ಗಡಿಯಾರ ನೋಡಿದೆ, ಕೆಮ್ಮಿದೆ.
ಪಕ್ಕದ ಮುದುಕ ಮೆಲ್ಲಗೆ ಅಂದ:
"ಸಂಜೆಯಿಂದ ಒಂಟಿಸಲಗ ಇದೆಯಂತೆ,
ಅಲ್ಲೇ, ಸಿಲ್ವರ್ ಓಕಿನ ಹಿಂದೆ."

ಹೆಡ್‌ಲೈಟು ಅವಳ ಬೆನ್ನ ಹಿಂದೆಯೇ
ಲೈನ್‌ಮನೆಯವರೆಗೂ ನಡೆಯಿತು.
ಕಂಡಕ್ಟರ್ ಚಿಲ್ಲರೆ ಎಣಿಸಿದ, ಮತ್ತೊಮ್ಮೆ ಎಣಿಸಿದ.
ಕಾಫಿಹೂವಿನ ಕಂಪು ಕಿಟಕಿಯಿಂದ ಬಂದು
ಟಿಕೆಟಿಲ್ಲದೆ ಕೂತಿತು.

ದೂರದಲ್ಲೊಂದು ಬಲ್ಬು
ಹೊತ್ತಿ, ಆರಿ, ಮತ್ತೆ ಹೊತ್ತಿತು.
"ರೈಟ್!"

ಮುಂದಿನ ವಾರ ಹೊಸ ಡ್ರೈವರ್,
ಆಗಲೇ ಗೇರು ಹಾಕಿಬಿಟ್ಟಿದ್ದ.
"ತಡೀರಿ ಸ್ವಲ್ಪ" ಅಂದದ್ದು ಯಾರೆಂದು
ಎಲ್ಲರೂ ತಿರುಗಿ ನೋಡಿದರು,
ನನ್ನ ಕಡೆ.